‘ಐ-ಫೈವ್’ ಅಂದರೆ ಯಾವ ಐ-ಫೈವ್?

ತೆಲಂಗಾಣದ ತಾಂಡೂರಿನಲ್ಲಿ ಕಲ್ಲು ಕೊಳ್ಳಲು ಬರುವವರು ಬರೀ ಹೆಸರು ಕೇಳಿ ಸುಮ್ಮನಾಗುವುದಿಲ್ಲ. ನೀಲಿಯೋ ಹಳದಿಯೋ, ದಪ್ಪ ಎಷ್ಟು, ಪಾಲಿಶ್ ಆಗಿದೆಯೋ ಇಲ್ಲವೋ, ಚದರಡಿಗೆ ಏನು ದರ, ಸಾಗಣೆ ಸೇರಿ ಮನೆ ಮುಟ್ಟುವಷ್ಟರಲ್ಲಿ ಎಷ್ಟಾಗುತ್ತದೆ ಎಂದು ಒಂದೊಂದಾಗಿ ವಿಚಾರಿಸಿಕೊಂಡೇ ಲಾರಿಗೆ ಹೇರಿಸುತ್ತಾರೆ. ಅದೇ ಕಲ್ಲಿನ ಲೆಕ್ಕ ಬರೆಯಲು ಕಂಪ್ಯೂಟರ್ ತರುವಾಗ ಮಾತ್ರ ವಿಚಾರಣೆ ಒಂದೇ ಪ್ರಶ್ನೆಗೆ ಮುಗಿದುಹೋಗುತ್ತದೆ: ಐ-ತ್ರೀಯೋ, ಐ-ಫೈವೋ? ಇದು ತಾಂಡೂರಿಗಷ್ಟೇ ಸೇರಿದ ಮಾತಲ್ಲ. ಗಡಿಯಾಚೆಯ ಸೇಡಂ, ಚಿಂಚೋಳಿಯಲ್ಲೂ ಇತ್ತ ಜಹೀರಾಬಾದ್, ನಾರಾಯಣಖೇಡದಲ್ಲೂ ವ್ಯಾಪಾರ ನಡೆಯುವುದು ಹೀಗೆಯೇ. ಮಕ್ಕಳ ಓದಿಗೆಂದು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗಿ ಬರುವವರಲ್ಲೂ ಬಹುಪಾಲು ಮಂದಿ ಹೆಸರಿಗೇ ಹಣ ಕೊಟ್ಟು ಬರುತ್ತಾರೆ. ಪ್ರೊಸೆಸರಿನ ಬೆಲೆಯನ್ನು ಅದರ ಹೆಸರಿನೊಂದಿಗೆ ತೂಗಬಾರದು, ಅದರ ಅಂಕದೊಂದಿಗೆ ಮಾತ್ರ ತೂಗಿದರೂ ಸಾಲದು. ನಿಮ್ಮ ಕೆಲಸ ಎಷ್ಟು ಬೇಗ ಮುಗಿಯುತ್ತದೆ ಎಂಬುದನ್ನು ಇಡೀ ಯಂತ್ರದ ಖರ್ಚಿನೊಂದಿಗೆ ತೂಗಬೇಕು ಎಂಬುದು ಈ ಲೇಖನದ ವಾದ. ಹಾಗೆ ತೂಗಿದಾಗ ಬರುವ ಉತ್ತರ ಅಂಗಡಿಯಲ್ಲಿ ಸಿಗುವ ಸಲಹೆಗಿಂತ ಬೇರೆಯೇ ಆಗಿರುತ್ತದೆ.

ಮೊದಲು ಹೆಸರಿನ ವಿಷಯ. ಇಂಟೆಲ್ ಕಂಪನಿಯ ಕೋರ್ ಐ5 ಎಂಬುದು 2009ರಿಂದ ನಡೆದುಬಂದ ಹೆಸರು. ಆ ಹೆಸರಿನಲ್ಲಿ ಹತ್ತಾರು ಬಗೆಯ ಚಿಪ್‌ಗಳು ಬಂದುಹೋಗಿವೆ. 2011ರ ಐ5-2400 ಮತ್ತು 2022ರ ಐ5-12400 ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸಂಖ್ಯೆಯಲ್ಲಿ ಇರುವ ವ್ಯತ್ಯಾಸ ಮುಂದಿನ ಒಂದೇ ಒಂದು ‘1’. ಆದರೆ ಮೊದಲನೆಯದು ಎರಡನೇ ಜನರೇಷನ್, ನಾಲ್ಕು ಕೋರ್, ನಾಲ್ಕು ಥ್ರೆಡ್. ಎರಡನೆಯದು ಹನ್ನೆರಡನೇ ಜನರೇಷನ್, ಆರು ಕೋರ್, ಹನ್ನೆರಡು ಥ್ರೆಡ್. ಎರಡರ ನಡುವೆ ಹನ್ನೊಂದು ವರ್ಷ. ಹಳೆಯದನ್ನು ಹೊಸ ಕ್ಯಾಬಿನೆಟ್ಟಿನಲ್ಲಿ ಕೂರಿಸಿ ‘ಐ-ಫೈವ್ ಸಿಸ್ಟಮ್’ ಎಂದು ಮಾರಿದರೆ ಅದರಲ್ಲಿ ಸುಳ್ಳೇನೂ ಇಲ್ಲ. ಕೊಂಡವರಿಗೆ ಆಗುವ ನಷ್ಟ ಮಾತ್ರ ನಿಜ. ಗಿಗಾಹರ್ಟ್ಸ್ ನೋಡಿ ಕೊಳ್ಳುತ್ತೇವೆ ಎನ್ನುವವರಿಗೂ ಇದೇ ಜೋಡಿ ಪಾಠ ಹೇಳುತ್ತದೆ. ಹಳೆಯ ಐ5-2400ರ ಮೂಲ ವೇಗ 3.1 ಗಿಗಾಹರ್ಟ್ಸ್, ಹೊಸ ಐ5-12400ರದು 2.5. ಪೆಟ್ಟಿಗೆಯ ಮೇಲಿನ ಆ ಒಂದು ಸಂಖ್ಯೆಯನ್ನೇ ನಂಬಿದರೆ ಹಳೆಯದೇ ಗೆಲ್ಲಬೇಕು. ಆದರೆ ಹೊಸ ಚಿಪ್ ಕೆಲಸ ಬಿದ್ದಾಗ 4.4ರವರೆಗೆ ಏರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಒಂದೊಂದು ಮಿಡಿತದಲ್ಲಿ ಮಾಡಿ ಮುಗಿಸುವ ಕೆಲಸವೇ ಹೆಚ್ಚು. 2004ರ ಹೊತ್ತಿಗಾಗಲೇ ಪೆಂಟಿಯಂ 4 ಚಿಪ್ 3.8 ಗಿಗಾಹರ್ಟ್ಸ್ ಮುಟ್ಟಿತ್ತು. ಅಲ್ಲಿಂದ ಮುಂದೆ ಶಾಖ ತಡೆಯಲಾಗದೆ ಕಂಪನಿಗಳು ಮಿಡಿತದ ವೇಗ ಏರಿಸುವ ಓಟವನ್ನು ಬಿಟ್ಟು, ಮಿಡಿತಕ್ಕೆ ಹೆಚ್ಚು ಕೆಲಸ ತೆಗೆಯುವ, ಕೋರ್‌ಗಳನ್ನು ಹೆಚ್ಚಿಸುವ ದಾರಿ ಹಿಡಿದವು. ಆದ್ದರಿಂದ ಬೇರೆ ಬೇರೆ ಜನರೇಷನ್ನಿನ ಎರಡು ಚಿಪ್‌ಗಳನ್ನು ಗಿಗಾಹರ್ಟ್ಸ್‌ನಿಂದ ಹೋಲಿಸುವುದರಲ್ಲಿ ಅರ್ಥವೇ ಉಳಿದಿಲ್ಲ.

ಲ್ಯಾಪ್‌ಟಾಪಿನಲ್ಲಿ ಗೋಜಲು ಇನ್ನೂ ಹೆಚ್ಚು. ಹನ್ನೆರಡನೇ ಜನರೇಷನ್ನಿನ ಐ5 ಎಂದೇ ಇಟ್ಟುಕೊಳ್ಳಿ: ಡೆಸ್ಕ್‌ಟಾಪಿನ ಐ5-12400ರಲ್ಲಿ ಆರೂ ದೊಡ್ಡ ಕೋರ್‌ಗಳು, ಅದರ ಮೂಲ ವಿದ್ಯುತ್ ಮಿತಿ 65 ವ್ಯಾಟ್. ತೆಳ್ಳಗಿನ ಲ್ಯಾಪ್‌ಟಾಪಿನ ಐ5-1235ಯು ಚಿಪ್ಪಿನಲ್ಲಿ ದೊಡ್ಡ ಕೋರ್ ಎರಡೇ, ಉಳಿದ ಎಂಟು ಮಿತವ್ಯಯದ ಸಣ್ಣ ಕೋರ್‌ಗಳು, ಮಿತಿ 15 ವ್ಯಾಟ್. ಎಎಂಡಿ ಕಂಪನಿಯ 2023ರ ಲ್ಯಾಪ್‌ಟಾಪ್ ಸಂಖ್ಯೆಗಳಂತೂ ಕಣ್ಣಿಟ್ಟು ಓದಬೇಕಾದವು. ರೈಜನ್ 5 7520ಯು ಮತ್ತು ರೈಜನ್ 5 7540ಯು ಎರಡೂ ಕೇಳಲು ಅಣ್ಣತಮ್ಮಂದಿರಂತಿವೆ. ಆ ಸಂಖ್ಯೆಯಲ್ಲಿ ಎಡದಿಂದ ಮೂರನೆಯ ಅಂಕಿಯೇ ಚಿಪ್ಪಿನ ಒಳವಿನ್ಯಾಸವನ್ನು ಹೇಳುವುದು. ‘2’ ಇದ್ದರೆ 2019ರಲ್ಲಿ ಬಂದ ಜೆನ್ 2, ‘4’ ಇದ್ದರೆ 2022ರಲ್ಲಿ ಬಂದ ಜೆನ್ 4. ಒಂದರಲ್ಲಿ ನಾಲ್ಕು ಕೋರ್, ಇನ್ನೊಂದರಲ್ಲಿ ಆರು. ಅಂಗಡಿಯಲ್ಲಿ ಎರಡಕ್ಕೂ ‘ಏಳು ಸಾವಿರ ಸೀರೀಸ್’ ಎಂಬ ಒಂದೇ ಹೆಸರು. ಕಂಪನಿಗಳು ಈ ಸಂಖ್ಯೆಗಳನ್ನು ಗ್ರಾಹಕನಿಗೆ ತಿಳಿಯುವಂತೆ ಇಡಬೇಕಿತ್ತು, ಇಟ್ಟಿಲ್ಲ. ಹಾಗಾಗಿ ತಿಳಿದುಕೊಳ್ಳುವ ಹೊರೆ ಕೊಳ್ಳುವವರ ಮೇಲೆಯೇ ಬಿದ್ದಿದೆ.

ಹೆಸರನ್ನು ಬಿಟ್ಟು ಅಂಕಗಳ ಕಡೆ ಬಂದವರು ಇನ್ನೊಂದು ತಪ್ಪು ಮಾಡುತ್ತಾರೆ. ಪ್ರೊಸೆಸರಿನ ಪರೀಕ್ಷಾ ಅಂಕವನ್ನು ಅದರ ಬೆಲೆಯಿಂದ ಭಾಗಿಸಿ, ರೂಪಾಯಿಗೆ ಎಷ್ಟು ಅಂಕ ಬಿತ್ತು ಎಂದು ಲೆಕ್ಕ ಹಾಕುತ್ತಾರೆ. ನೋಡಲು ಶುದ್ಧ ಲೆಕ್ಕ. ಆದರೆ ಭಾಗಿಸುವ ಸಂಖ್ಯೆಯೇ ತಪ್ಪು. ಯಾರೂ ಬರೀ ಪ್ರೊಸೆಸರ್ ಕೊಂಡು ಮೇಜಿನ ಮೇಲೆ ಇಟ್ಟುಕೊಳ್ಳುವುದಿಲ್ಲ. ಉದಾಹರಣೆಗೆ ಮೂರು ಚಿಪ್‌ಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದಕ್ಕೆ 8,000 ರೂಪಾಯಿ, ಅಂಕ 100. ಎರಡನೆಯದಕ್ಕೆ 13,000, ಅಂಕ 150. ಮೂರನೆಯದಕ್ಕೆ 35,000, ಅಂಕ 200. ಚಿಪ್ಪಿನ ಬೆಲೆಯೊಂದರಿಂದಲೇ ಭಾಗಿಸಿದರೆ ಸಾವಿರ ರೂಪಾಯಿಗೆ ಕ್ರಮವಾಗಿ 12.5, 11.5 ಮತ್ತು 5.7 ಅಂಕ ಬರುತ್ತದೆ; ಅಗ್ಗದ್ದೇ ಗೆದ್ದಿತು. ಈಗ ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್, ಮಾನಿಟರ್, ಯುಪಿಎಸ್ ಎಲ್ಲ ಸೇರಿ 30,000 ಎಂದು ಹಿಡಿಯಿರಿ. ಯಂತ್ರದ ಬೆಲೆ 38,000, 43,000 ಮತ್ತು 65,000 ಆಯಿತು. ಸಾವಿರ ರೂಪಾಯಿಗೆ ಬೀಳುವ ಅಂಕ 2.63, 3.49, 3.08. ಅಗ್ಗದ್ದು ಎಲ್ಲಕ್ಕಿಂತ ಕೆಳಗಿಳಿಯಿತು, ನಡುವಿನದು ಮೇಲೇರಿತು. ಐದು ಸಾವಿರ ಹೆಚ್ಚು ಹಾಕಿದ್ದರಿಂದ ಉಳಿದ ಮೂವತ್ತು ಸಾವಿರವೂ ಸರಿಯಾಗಿ ದುಡಿಯತೊಡಗಿತು. ಸುತ್ತಲಿನ ಸಾಮಾನಿನ ಬೆಲೆ ಏರಿದಷ್ಟೂ ತೀರಾ ಅಗ್ಗದ ಚಿಪ್ ಹಾಕುವುದು ದುಬಾರಿಯಾಗುತ್ತ ಹೋಗುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಿಗಿದಾಗ, ಪ್ರೊಸೆಸರ್ ದರ ಒಂದು ರೂಪಾಯಿ ಬದಲಾಗದಿದ್ದರೂ ಈ ತೂಕ ಬದಲಾಯಿತು.

ಇಷ್ಟಕ್ಕೇ ನಿಂತರೆ ‘ಯಾವಾಗಲೂ ನಡುವಿನದನ್ನು ಕೊಳ್ಳಿ’ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಆ ಅಂಕಗಳು ಯಾರ ಕೆಲಸದ ಅಂಕಗಳು ಎಂಬ ಪ್ರಶ್ನೆ ಉಳಿದಿದೆ. ಪ್ರೊಸೆಸರ್ ಪರೀಕ್ಷೆಗೆ ಹೆಚ್ಚಾಗಿ ಬಳಸುವ ಸಿನೆಬೆಂಚ್‌ನಂಥ ತಂತ್ರಾಂಶ ಒಂದು ಚಿತ್ರವನ್ನು ತುಂಡು ತುಂಡಾಗಿ ಎಲ್ಲ ಕೋರ್‌ಗಳಿಗೂ ಹಂಚಿ ಬಿಡಿಸುತ್ತದೆ. ಅಂಥ ಕೆಲಸದಲ್ಲಿ ಕೋರ್ ಹೆಚ್ಚಿದಷ್ಟೂ ಅಂಕ ಹೆಚ್ಚು. ನಿಮ್ಮ ಅಂಗಡಿಯ ಕೆಲಸ ಹಾಗಿದೆಯೇ? ಕೆಲಸದಲ್ಲಿ ಹಂಚಬಹುದಾದ ಪಾಲು, ಹಂಚಲಾಗದ ಪಾಲು ಎಂದು ಎರಡಿರುತ್ತವೆ, ಹಂಚಲಾಗದ ಪಾಲೇ ಕೊನೆಗೆ ವೇಗವನ್ನು ಕಟ್ಟಿಹಾಕುತ್ತದೆ ಎಂದು ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದ್ದರು. ಒಂದು ಕೆಲಸದಲ್ಲಿ ನೂರಕ್ಕೆ 60 ಪಾಲು ಮಾತ್ರ ಹಂಚಬಹುದು ಎಂದಾದರೆ, ಒಂದು ಕೋರಿಗೆ ನೂರು ನಿಮಿಷ ಹಿಡಿಯುವುದು ನಾಲ್ಕು ಕೋರಿನಲ್ಲಿ 55 ನಿಮಿಷಕ್ಕೆ ಇಳಿಯುತ್ತದೆ. ಹದಿನಾರು ಕೋರ್ ತಂದರೆ? ಸುಮಾರು 44 ನಿಮಿಷ. ಕೋರ್ ನಾಲ್ಕು ಪಟ್ಟಾಯಿತು, ಉಳಿದದ್ದು ಹನ್ನೊಂದು ನಿಮಿಷ. ಹಂಚಬಹುದಾದ ಪಾಲು 95 ಇದ್ದರೆ ಮಾತ್ರ ಕಥೆ ಬೇರೆ: ನಾಲ್ಕು ಕೋರಿನಲ್ಲಿ 29 ನಿಮಿಷ ಹಿಡಿದದ್ದು ಹದಿನಾರರಲ್ಲಿ 11 ನಿಮಿಷಕ್ಕೆ ಮುಗಿಯುತ್ತದೆ.

ತಾಂಡೂರಿನ ಕೆಲಸಗಳನ್ನು ಈ ಅಳತೆಗೆ ಹಿಡಿದು ನೋಡಿ. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ, ತೊಗರಿ ಅಡತಿ ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿ ನಡೆಯುತ್ತದೆ. ಒಂದು ಬಿಲ್ಲು ಹೊಡೆಯುವುದು, ಒಂದು ಖಾತೆ ತೆರೆಯುವುದು, ಜಿಎಸ್‌ಟಿ ವರದಿ ತೆಗೆಯುವುದು, ಇವೆಲ್ಲ ಬಹುತೇಕ ಒಂದರ ಹಿಂದೊಂದು ಸಾಗುವ ಕೆಲಸಗಳು. ಇವಕ್ಕೆ ಬೇಕಾದ್ದು ಚುರುಕಾದ ಒಂದೆರಡು ಕೋರ್ ಮತ್ತು ವೇಗದ ಡಿಸ್ಕ್. ಮೀ ಸೇವಾ ಕೇಂದ್ರದ ಅರ್ಜಿ, ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶ ಹಾಕಿಕೊಂಡು ಹೊಡೆಯುವ ಕನ್ನಡ ಕರಪತ್ರ, ಪಕ್ಕದಲ್ಲೇ ತೆಲುಗು, ಉರ್ದು ಲಗ್ನಪತ್ರಿಕೆ, ಆನ್‌ಲೈನ್ ಪಾಠ ಎಲ್ಲವೂ ಇದೇ ಜಾತಿಗೆ ಸೇರಿದವು. ಮೇಲಿನ ಮೂರು ಚಿಪ್‌ಗಳು ಇಂಥ ಕೆಲಸದಲ್ಲಿ 100, 110, 125 ಅಂಕ ಪಡೆದವು ಎಂದುಕೊಂಡು ಅದೇ ಭಾಗಾಕಾರ ಮಾಡಿದರೆ 2.63, 2.56, 1.92 ಬರುತ್ತದೆ. ಈಗ ಮೊದಲನೆಯ ಚಿಪ್ಪೇ ಗೆಲ್ಲುತ್ತದೆ. ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರ ಲೆಕ್ಕ ಇದಕ್ಕೆ ತಿರುಗುಮುರುಗು. ರೆಂಡರಿಂಗ್ ಕೋರ್‌ಗಳಿಗೆ ಚೆನ್ನಾಗಿ ಹಂಚಿಕೊಳ್ಳುವ ಕೆಲಸ. ಸೀಸನ್ನಿನಲ್ಲಿ ಯಂತ್ರ ರಾತ್ರಿಯಿಡೀ ಓಡುತ್ತದೆ, ಉಳಿದ ಒಂದೊಂದು ಗಂಟೆಗೂ ರೂಪಾಯಿಯ ಬೆಲೆ ಇದೆ. ಅವರು ದೊಡ್ಡ ಚಿಪ್ ಕೊಂಡರೆ ಅದು ದುಂದಲ್ಲ. ಅದೇ ದೊಡ್ಡ ಚಿಪ್ಪನ್ನು ಪಿಯುಸಿ ಓದುವ ಮಗಳಿಗೆ ಕೊಡಿಸುವ ತಂದೆಗೆ ಆ ಹಣ ಹಿಂತಿರುಗುವುದಿಲ್ಲ.

ನಿಮ್ಮ ಕೆಲಸ ಯಾವ ಜಾತಿಯದು ಎಂದು ತಿಳಿಯಲು ಯಾರ ಸಲಹೆಯೂ ಬೇಡ. ಈಗಿರುವ ಕಂಪ್ಯೂಟರಿನಲ್ಲಿ ‘ಹ್ಯಾಂಗ್’ ಆಗುವ ಕೆಲಸ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಗುಂಡಿ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು, ಮೆಮೊರಿ, ಡಿಸ್ಕ್ ಮೂರರಲ್ಲಿ ಯಾವುದು ನೂರರ ಹತ್ತಿರ ಇದೆ ನೋಡಿ. ಹಳೆಯ ಯಂತ್ರಗಳಲ್ಲಿ ಬಹಳ ಸಲ ಕೆಂಪಾಗುವುದು ಡಿಸ್ಕ್. ಅದಕ್ಕೆ ಕಾರಣವೂ ಸರಳ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಮುಳ್ಳು ಸರಿಯಾದ ಜಾಗಕ್ಕೆ ಹೋಗಿ ನಿಂತು, ಬೇಕಾದ ಮಾಹಿತಿ ತಿರುಗಿ ಅದರಡಿಗೆ ಬರುವಷ್ಟರಲ್ಲಿ ಹತ್ತು ಮಿಲಿಸೆಕೆಂಡಿಗೂ ಹೆಚ್ಚು ಕಳೆಯುತ್ತದೆ. ಅಷ್ಟರಲ್ಲಿ 3 ಗಿಗಾಹರ್ಟ್ಸ್ ಪ್ರೊಸೆಸರ್ ಮೂರು ಕೋಟಿ ಸಲ ಮಿಡಿದಿರುತ್ತದೆ, ಅದೂ ಏನೂ ಕೆಲಸವಿಲ್ಲದೆ. ಅಲ್ಲಿ ಐ3 ತೆಗೆದು ಐ7 ಕೂರಿಸಿದರೆ ಹೆಚ್ಚು ಬೇಗ ಮಿಡಿಯುತ್ತ ಕಾಯುವ ಪ್ರೊಸೆಸರ್ ಸಿಕ್ಕಂತಾಯಿತು, ಅಷ್ಟೇ. ಎಸ್‌ಎಸ್‌ಡಿ ಹಾಕಿದರೆ ಆ ಕಾಯುವಿಕೆಯೇ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಇನ್ನೊಂದು ಎಚ್ಚರ ಹೇಳಬೇಕು: ಎಂಟು ಥ್ರೆಡ್ ಇರುವ ಚಿಪ್ಪಿನಲ್ಲಿ ಸಿಪಿಯು ಬಳಕೆ ಬರೀ 12 ಅಥವಾ 13 ತೋರಿಸುತ್ತಿದ್ದರೂ ಪ್ರೊಸೆಸರ್ ಬಿಡುವಾಗಿದೆ ಎಂದು ತಿಳಿಯಬೇಡಿ. ನೂರನ್ನು ಎಂಟರಿಂದ ಭಾಗಿಸಿದರೆ ಬರುವುದು ಹನ್ನೆರಡೂವರೆ. ಒಂದು ಕೋರ್ ಪೂರ್ತಿ ಏದುಸಿರು ಬಿಡುತ್ತಿದೆ, ಉಳಿದವಕ್ಕೆ ಹಂಚಲಾಗುತ್ತಿಲ್ಲ ಎಂದು ಅದರ ಅರ್ಥ. ಅಲ್ಲಿ ಬೇಕಾದ್ದು ಹೊಸ ಜನರೇಷನ್ನೇ ಹೊರತು ಹೆಚ್ಚು ಕೋರ್ ಅಲ್ಲ.

ಈ ತೂಗಾಟದಲ್ಲಿ ನಮ್ಮ ಸುತ್ತಮುತ್ತಲೇ ಎರಡು ದೊಡ್ಡ ಪ್ರಯೋಗಗಳು ನಡೆದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಹಳ್ಳಿಯವರ ಕೈಗೆಟಕುವ ಕಂಪ್ಯೂಟರ್ ಸುಮಾರು 9,000 ರೂಪಾಯಿಗೆ ಸಿಗಬೇಕು ಎಂಬುದು ಅವರ ಗುರಿ. ಆಗಿನ ಮೇಜಿನ ಕಂಪ್ಯೂಟರುಗಳ ಪೆಂಟಿಯಂ ಬಿಟ್ಟು, ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ 206 ಮೆಗಾಹರ್ಟ್ಸ್ ಸ್ಟ್ರಾಂಗ್‌ಆರ್ಮ್ ಚಿಪ್ ಆರಿಸಿಕೊಂಡು, ಅದರ ಮೇಲೆ ಲಿನಕ್ಸ್ ಓಡಿಸಿದರು. ಮಾಡಬೇಕಾದ ಕೆಲಸ ಏನೆಂದು ಮೊದಲು ಕೇಳಿ, ಅದಕ್ಕೆ ಸಾಕಾಗುವ ಚಿಪ್ ಹುಡುಕಿದ ಆ ರೀತಿ ಇವತ್ತಿಗೂ ಮಾದರಿ. ಆದರೆ ಪರದೆ, ಮೆಮೊರಿ, ಬ್ಯಾಟರಿ ಎಲ್ಲ ಕೂಡಿದ ಮೇಲೆ, 2004ರಲ್ಲಿ ಅಮೀಡ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ, ಅದರ ದರ ಹತ್ತು ಸಾವಿರದ ಆಸುಪಾಸಿನಿಂದ ಶುರುವಾಗಿ ಬಣ್ಣದ ಪರದೆಯ ಮಾದರಿಗೆ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಚಿಪ್ ಅಗ್ಗವಾದ ಮಾತ್ರಕ್ಕೆ ಯಂತ್ರ ಅಗ್ಗವಾಗಲಿಲ್ಲ. ಎರಡನೆಯ ಪ್ರಯೋಗ ಆಕಾಶ್ ಟ್ಯಾಬ್ಲೆಟ್. ಡೇಟಾವಿಂಡ್ ಕಂಪನಿಯ ಈ ಟ್ಯಾಬ್ಲೆಟ್ಟನ್ನು ಹೈದರಾಬಾದಿನಲ್ಲಿ ಜೋಡಿಸಿ, 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಬಿಡುಗಡೆ ಮಾಡಿದರು. ಸರಕಾರಕ್ಕೆ ಬಿದ್ದ ಬೆಲೆ 2,276 ರೂಪಾಯಿ. ಅದರೊಳಗೆ 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್. ಬೆಲೆಯನ್ನು ಮೊದಲು ಕಟ್ಟಿ, ಅದರೊಳಗೆ ಹಿಡಿಸುವ ಚಿಪ್ ತುರುಕಿದ ಯಂತ್ರ ಅದು. ನಿಧಾನ, ಬ್ಯಾಟರಿ, ಪರದೆ ಎಲ್ಲದರ ಬಗೆಗೂ ದೂರುಗಳು ಬಂದವು. ಮುಂದಿನ ವರ್ಷ ನವೆಂಬರಿನಲ್ಲಿ ಬಂದ ಆಕಾಶ್-2ರಲ್ಲಿ ಪ್ರೊಸೆಸರ್ 1 ಗಿಗಾಹರ್ಟ್ಸ್, ರ‍್ಯಾಮ್ 512 ಎಂಬಿ. ಸರಕಾರದ ಬೆಲೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು. ವಿದ್ಯಾರ್ಥಿಯ ಕೆಲಸಕ್ಕೆ ಸಾಲದ ಯಂತ್ರ ಎರಡು ಸಾವಿರಕ್ಕೆ ಸಿಕ್ಕರೂ ದುಬಾರಿ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. 2019ರ ಸೆಲೆರಾನ್ ಎನ್4020 ಚಿಪ್ಪಿನ ಎರಡು ಕೋರ್, 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪನ್ನು ಇವತ್ತು ‘ಸ್ಟೂಡೆಂಟ್ ಲ್ಯಾಪ್‌ಟಾಪ್’ ಎಂದು ಮಾರಿದರೆ ಅದೂ ಇದೇ ಸಾಲಿಗೆ ಸೇರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಕಂಪ್ಯೂಟರನ್ನು ವರ್ಷ ವರ್ಷ ಕೊಳ್ಳಲಾಗುವುದಿಲ್ಲ, ಒಮ್ಮೆಗೇ ದೊಡ್ಡದನ್ನು ತಂದರೆ ಹತ್ತು ವರ್ಷ ಚಿಂತೆಯಿಲ್ಲ ಎನ್ನುತ್ತಾರೆ. ಟ್ರ್ಯಾಕ್ಟರಿಗೆ, ಬೋರ್‌ವೆಲ್ ಮೋಟರಿಗೆ ಈ ಮಾತು ಸಲ್ಲಬಹುದು. ಪ್ರೊಸೆಸರಿಗೆ ಇತಿಹಾಸ ಬೇರೆಯದನ್ನು ಹೇಳುತ್ತದೆ. 2017ರ ಜನವರಿಯಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಐ7-7700ಕೆ ಆಗಿನ ಮನೆಬಳಕೆಯ ಚಿಪ್‌ಗಳಲ್ಲಿ ಮೇಲಿನ ಸಾಲಿನದು: ನಾಲ್ಕು ಕೋರ್, ಎಂಟು ಥ್ರೆಡ್, ಕಂಪನಿಯ ದರ 339 ಡಾಲರ್. ಐದೇ ವರ್ಷದ ಮೇಲೆ, 2022ರ ಜನವರಿಯಲ್ಲಿ ಬಂದ ಐ3-12100 ಕೂಡ ನಾಲ್ಕು ಕೋರ್, ಎಂಟು ಥ್ರೆಡ್ಡಿನದೇ. ಸುಮಾರು 120 ಡಾಲರಿನ ಈ ಕೆಳಸಾಲಿನ ಚಿಪ್, ಕಡಿಮೆ ವಿದ್ಯುತ್ತಿನಲ್ಲಿ, ಆ ಐ7ನ್ನು ಹಿಂದೆ ಹಾಕಿತು. ಇನ್ನೂ ಕಹಿಯಾದ ಸಂಗತಿ ಇದೆ. 2021ರಲ್ಲಿ ವಿಂಡೋಸ್ 11 ಬಂದಾಗ ಮೈಕ್ರೋಸಾಫ್ಟ್ ಎಂಟನೇ ಜನರೇಷನ್ನಿನಿಂದ ಈಚಿನ ಇಂಟೆಲ್ ಚಿಪ್‌ಗಳಿಗೆ, ಕೆಲವೇ ವಿನಾಯಿತಿಗಳ ಹೊರತು, ಮಾನ್ಯತೆ ಕೊಟ್ಟಿತು. ಏಳನೇ ಜನರೇಷನ್ನಿನ ಆ ದುಬಾರಿ ಐ7 ಹೊರಗುಳಿಯಿತು. ಅದೇ 2017ರ ಅಕ್ಟೋಬರಿನಲ್ಲಿ 117 ಡಾಲರಿಗೆ ಬಂದ ಐ3-8100 ಪಟ್ಟಿಯೊಳಗೆ ಸೇರಿತು. ಮೂರು ಪಟ್ಟು ಹಣ ಕೊಟ್ಟವರು ಬಾಗಿಲಾಚೆ, ಒಂಬತ್ತು ತಿಂಗಳು ತಡೆದು ಚಿಕ್ಕದನ್ನು ಕೊಂಡವರು ಒಳಗೆ. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಳ್ಳಬಹುದು, ಆದರೆ ಅದಕ್ಕೆ ಮೈಕ್ರೋಸಾಫ್ಟಿನ ಆಸರೆ ಇಲ್ಲ. ನಾಳೆಗೆಂದು ಇವತ್ತು ಕೊಡುವ ಹೆಚ್ಚಿನ ಹಣ ನಾಳೆಯನ್ನು ಕೊಳ್ಳುವುದಿಲ್ಲ. ನಡುಮಟ್ಟದ ಚಿಪ್ ಕೊಂಡು, ಉಳಿದದ್ದನ್ನು ಐದು ವರ್ಷದ ಮೇಲೆ ಇನ್ನೊಂದು ನಡುಮಟ್ಟದ ಚಿಪ್ಪಿಗೆ ಹಾಕುವುದೇ ಲಾಭ.

ಎರಡನೆಯ ಆಕ್ಷೇಪ ಸೆಕೆಂಡ್ ಹ್ಯಾಂಡ್ ಕೊಳ್ಳುವವರದು. ನಗರದ ಕಂಪನಿಗಳು ಕೈಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪುಗಳು ಹೊಸದರ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತಿರುವಾಗ ಹೊಸ ಯಂತ್ರದ ಮಾತೇಕೆ ಎಂದು ಕೇಳುತ್ತಾರೆ. ಕೇಳುವುದು ನ್ಯಾಯವೇ. ಕೈ ಬಿಗಿ ಇರುವ ಮನೆಗೆ ಅದು ಒಳ್ಳೆಯ ದಾರಿ, ಈ ಲೇಖನದ ವಾದಕ್ಕೂ ಒಗ್ಗುವ ದಾರಿ, ಏಕೆಂದರೆ ಅಲ್ಲಿ ಇಡೀ ಯಂತ್ರದ ಖರ್ಚೇ ಇಳಿಯುತ್ತದೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಾಲ್ಕನೇ, ಆರನೇ ಜನರೇಷನ್ನಿನ ರಾಶಿ ರಾಶಿ ಯಂತ್ರಗಳು ಅಗ್ಗಕ್ಕೆ ಹೊರಬೀಳಲು ಇದೂ ಒಂದು ಕಾರಣ. ಬ್ಯಾಂಕು, ಜಿಎಸ್‌ಟಿ, ಗಿರಾಕಿಗಳ ದಾಖಲೆ ಇರುವ ಅಂಗಡಿಯಲ್ಲಿ ಭದ್ರತಾ ಅಪ್‌ಡೇಟ್ ಇಲ್ಲದ ಯಂತ್ರ ಇಡುವುದು ತಪ್ಪು. ಲಿನಕ್ಸ್ ಹಾಕಿಕೊಳ್ಳಲು ತಯಾರಿದ್ದರೆ ಹಳೆಯದನ್ನು ಧಾರಾಳವಾಗಿ ಕೊಳ್ಳಿ. ವಿಂಡೋಸೇ ಬೇಕೆಂದರೆ ಎಂಟನೇ ಜನರೇಷನ್ನಿಗಿಂತ ಹಿಂದಿನದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಡಿ.

ಊರಿನ ಗುಣವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಪರೀಕ್ಷಾ ಅಂಕಗಳು ಇದನ್ನು ಹೇಳುವುದಿಲ್ಲ. ಪ್ರೊಸೆಸರ್ ಪರೀಕ್ಷೆ ನಡೆಯುವುದು ತಂಪಾದ ಕೋಣೆಯಲ್ಲಿ, ಹೊಸ ಫ್ಯಾನಿನ ಕೆಳಗೆ. ನಮ್ಮ ಕಡೆ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುತ್ತದೆ. ಕಲ್ಲಿನ ಗಣಿ, ಪಾಲಿಶ್ ಕಾರ್ಖಾನೆ, ಸಿಮೆಂಟ್ ಕಾರ್ಖಾನೆಗಳ ನಡುವಿನ ತಾಂಡೂರಿನಲ್ಲಿ ಸುಣ್ಣಕಲ್ಲಿನ ಧೂಳು ಹೀಟ್‌ಸಿಂಕಿನ ಎಲೆಗಳ ನಡುವೆ ಪದರಗಟ್ಟಿ ಕೂರುತ್ತದೆ. ಗಾಳಿ ಆಡದಿದ್ದರೆ ಚಿಪ್ಪಿನ ಶಾಖ ನೂರು ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಆಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಪೂರ್ತಿ ದುಡಿಯುವಾಗ 253 ವ್ಯಾಟಿನವರೆಗೆ ಎಳೆಯುವ ಐ9-14900ಕೆಯಂಥ ಚಿಪ್ಪಿಗೆ ಇಂಥ ಕಡೆ ಎಷ್ಟು ಹಣ ಸುರಿದರೂ ಅದರ ಪೂರ್ಣ ವೇಗ ಕಾಣಸಿಗುವುದು ಕಷ್ಟ. 65 ವ್ಯಾಟಿನ ಚಿಪ್ ಧೂಳಿನಲ್ಲೂ ಹೆಚ್ಚು ದಿನ ತಾಳುತ್ತದೆ. ಕರೆಂಟಿನ ಲೆಕ್ಕವೂ ಇದೆ. ಪೂರ್ತಿ ದುಡಿಯುವ ಯಂತ್ರ ನೂರು ವ್ಯಾಟ್ ಹೆಚ್ಚು ತಿಂದರೆ, ದಿನಕ್ಕೆ ಎಂಟು ಗಂಟೆಯಂತೆ ಮುನ್ನೂರು ದಿನಕ್ಕೆ 240 ಯೂನಿಟ್. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೆ ವರ್ಷಕ್ಕೆ 2,400 ರೂಪಾಯಿ. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್ ಮಾತ್ರ, ಆದ್ದರಿಂದ ದೊಡ್ಡ ಚಿಪ್ಪಿಗೆ ದೊಡ್ಡ ಯುಪಿಎಸ್ ಖರ್ಚೂ ಕೂಡುತ್ತದೆ.

ಲೆಕ್ಕಪತ್ರ, ಡಿಟಿಪಿ, ಓದು, ಆನ್‌ಲೈನ್ ಕೆಲಸಕ್ಕೆ ಇತ್ತೀಚಿನ ಎರಡು ಮೂರು ಜನರೇಷನ್ನಿನ ಐ3 ಅಥವಾ ಅದಕ್ಕೆ ಸಮನಾದ ರೈಜನ್ ಸಾಕು. ಉಳಿದ ಹಣ 16 ಜಿಬಿ ರ‍್ಯಾಮಿಗೂ, ಎಸ್‌ಎಸ್‌ಡಿಗೂ, ಒಳ್ಳೆಯ ಯುಪಿಎಸ್ಸಿಗೂ ಹೋಗಲಿ. ಫೋಟೊ, ವಿಡಿಯೊ, ಕೋಡಿಂಗ್ ಎಂದು ಕೆಲಸ ಬೆಳೆಯುವಂತಿದ್ದರೆ ಆರು ಕೋರಿನ ನಡುಮಟ್ಟದ ಚಿಪ್. ಅದಕ್ಕೂ ಮೇಲಿನದು, ಯಂತ್ರದಿಂದಲೇ ದುಡಿದು ಅದರ ಸಾಲ ತೀರಿಸುವವರಿಗೆ. ಇಂಟೆಲ್ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಇದ್ದರೆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಸ್ವಲ್ಪ ಹಣ ಉಳಿಯಿತೆಂದು ತಂದರೆ ಪರದೆ ಹತ್ತಿಸಲು ಬೇರೆ ಕಾರ್ಡ್ ಕೊಳ್ಳಬೇಕಾಗುತ್ತದೆ. ಯಾವುದನ್ನೇ ಕೊಳ್ಳಿ, ಅಂಗಡಿಯವರು ಬಿಲ್ಲಿನಲ್ಲಿ ‘ಐ5 ಕಂಪ್ಯೂಟರ್ ಒಂದು’ ಎಂದು ಬರೆದರೆ ಒಪ್ಪಬೇಡಿ. ಪ್ರೊಸೆಸರಿನ ಪೂರ್ತಿ ನಂಬರು, ಕೊನೆಯ ಅಕ್ಷರ ಸಹಿತ, ಹಾಗೆಯೇ ರ‍್ಯಾಮ್, ಎಸ್‌ಎಸ್‌ಡಿಗಳ ಅಳತೆ, ಕಂಪನಿ ಎಲ್ಲವನ್ನೂ ಬರೆಸಿಕೊಳ್ಳಿ. ಹಣ ಎಣಿಸುವ ಮೊದಲು ಯಂತ್ರ ಹಚ್ಚಿಸಿ, ಟಾಸ್ಕ್ ಮ್ಯಾನೇಜರಿನಲ್ಲಿ ಕಾಣುವ ನಂಬರೂ ಬಿಲ್ಲಿನ ನಂಬರೂ ಒಂದೇ ಇವೆಯೇ ಎಂದು ನೋಡಿ. ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಕಟ್ಟುವ ಗಿರಾಕಿಗೆ ಅಷ್ಟನ್ನು ಕೇಳುವ ಹಕ್ಕಿದೆ.